ಚಿಕ್ಕ ಮೆಷಿನ್ ಶಾಪಲ್ಲಿ 5ಎಸ್: ಒಂದು ಮೆಷಿನ್ನಿಂದ ಶುರು ಮಾಡಿ, ಹುಡುಕಾಟ ನಿಲ್ಸಿ

ಪೀಣ್ಯದಲ್ಲಿ ಬೇರೆ ಕಂಪನಿಗಳಿಗೆ ಪಾರ್ಟ್ ಮಾಡ್ಕೊಡೋ ಯಾವ್ದಾದ್ರೂ ಜಾಬ್ ವರ್ಕ್ ಶಾಪ್ ಒಳಗೆ ಹೋಗಿ ನೋಡಿ, ಗೋಡೆ ಮೇಲೆ 5ಎಸ್, ಅಂದ್ರೆ ಕೆಲ್ಸದ ಜಾಗ ಅಚ್ಚುಕಟ್ಟಾಗಿಡೋ ಐದು ಹೆಜ್ಜೆಗಳ ಪೋಸ್ಟರ್ ಇದ್ದೇ ಇರತ್ತೆ, ಸೇರಿ, ಸೇಟೋನ್, ಸೇಸೋ, ಸೇಕೆತ್ಸು, ಶಿತ್ಸುಕೆ ಅಂತ ಐದು ಜಪಾನಿ ಪದ, ಅದರ ಕೆಳಗೇ ಒಬ್ಬ ಆಪರೇಟರ್ 6 ಎಂಎಂ ಅಲೆನ್ ಕೀ ಹುಡುಕ್ತಾ ಪಕ್ಕದ ಮೆಷಿನ್‌ನವನ ಡ್ರಾಯರ್ ಜಾಲಾಡ್ತಾ ಇರ್ತಾನೆ. ಮೆಷಿನ್ ನಿಂತಿದೆ, ಸ್ಪಿಂಡಲ್ ಸುಮ್ನೆ ಕೂತಿದೆ, ಕರೆಂಟ್ ಬಿಲ್ಲು ಬ್ಯಾಂಕ್ ಬಡ್ಡಿ ಮಾತ್ರ ಓಡ್ತಾ ಇದೆ. ನಮ್ಮಲ್ಲಿ ತುಂಬಾ ಜನ 5ಎಸ್ ಅಂದ್ರೆ ಗುಡಿಸಿ ಒರೆಸಿ ನೆಲಕ್ಕೆ ಹಳದಿ ಗೆರೆ ಎಳೆಯೋದು ಅನ್ಕೊಂಡಿದಾರೆ, ಕಸ್ಟಮರ್ ಆಡಿಟ್ ಬರತ್ತೆ ಅಂದಾಗ ಹಿಂದಿನ ದಿನ ರಾತ್ರಿ ಎಲ್ರನ್ನೂ ನಿಲ್ಲಿಸ್ಕೊಂಡು ಮಾಡೋ ಕೆಲ್ಸ ಅದು. ನನ್ನ ಪ್ರಕಾರ ಚಿಕ್ಕ ಶಾಪಿಗೆ 5ಎಸ್ ಇಂದ ಆಗ್ಬೇಕಾದ್ದು ಒಂದೇ, ಹುಡುಕಾಟ ಕಮ್ಮಿ ಆಗ್ಬೇಕು. ನೆಲ ಪಳಪಳ ಅಂದು ಹುಡುಕಾಟ ಹಾಗೇ ಇದ್ರೆ ನೀವು ಪೇಂಟಿಗೆ ದುಡ್ಡು ಹಾಕಿದ್ರಿ ಅಷ್ಟೇ.

ಇಲ್ಲಿ ಹೇಳೋದೆಲ್ಲ ಎಂಟು ಹತ್ತು ಜನ ಇರೋ, ನಾಲ್ಕೈದು ಸಿಎನ್‌ಸಿ ಲೇತು (ಕಂಪ್ಯೂಟರ್ ಪ್ರೋಗ್ರಾಮಲ್ಲಿ ಓಡೋದು), ವಿಎಂಸಿ (ಹಾಗೇ ಓಡೋ ಮಿಲ್ಲಿಂಗ್ ಮೆಷಿನ್), ಒಂದೆರಡು ಹಳೇ ಮ್ಯಾನುಯಲ್ ಮೆಷಿನ್ ಇರೋ ಶಾಪ್ ಮನಸ್ಸಲ್ಲಿ ಇಟ್ಕೊಂಡು. ಪೀಣ್ಯ ಆಗ್ಲಿ, ಬೊಮ್ಮಸಂದ್ರ ಆಗ್ಲಿ, ಹುಬ್ಬಳ್ಳಿ ಗೋಕುಲ ರೋಡು, ಬೆಳಗಾವಿ ಉದ್ಯಮಬಾಗ್, ಶಿವಮೊಗ್ಗದ ಮಾಚೇನಹಳ್ಳಿ, ಎಲ್ಲಾ ಕಡೆ ಇದೇ ಸೈಜಿನ ಶಾಪುಗಳೇ ಜಾಸ್ತಿ.

ಶುರು ಮಾಡೋಕ್ ಮುಂಚೆ ನಿಂತು ನೋಡಿ

ಟೊಯೋಟಾದ ತೈಚಿ ಓನೋ ಅಂತಿದ್ರಲ್ಲ, ಇವತ್ತು ಲೀನ್ ಅಂತ ಕರೆಯೋ, ವೇಸ್ಟ್ ಕಮ್ಮಿ ಮಾಡೋ ಪದ್ಧತಿ ಕಟ್ಟಿದೋರಲ್ಲಿ ದೊಡ್ಡ ಹೆಸರು, ಅವರು ಶಾಪ್ ಫ್ಲೋರಲ್ಲಿ ಚಾಕ್‌ಪೀಸಲ್ಲಿ ಒಂದು ವೃತ್ತ ಬರೆದು ಅದರೊಳಗೆ ಇಂಜಿನಿಯರನ್ನ ಗಂಟೆಗಟ್ಟಲೆ ನಿಲ್ಲಿಸಿ "ನೋಡ್ತಾ ಇರು" ಅಂತಿದ್ರು ಅನ್ನೋದು ಆ ಫೀಲ್ಡಲ್ಲಿ ಎಲ್ರಿಗೂ ಗೊತ್ತಿರೋ ಕಥೆ. ನೀವು ಇಡೀ ದಿನ ನಿಲ್ಬೇಡಿ, ಒಂದು ಸೆಟ್ಟಿಂಗ್ ಚೇಂಜ್ ಆಗೋವಾಗ ಶುರುವಿಂದ ಕೊನೇವರೆಗೂ ನಿಂತ್ಕೊಳ್ಳಿ ಸಾಕು, ಅಂದ್ರೆ ಹಿಂದಿನ ಜಾಬಿನ ಕೊನೇ ಪೀಸ್ ಇಳಿದ ಕ್ಷಣದಿಂದ ಹೊಸ ಜಾಬಿನ ಮೊದ್ಲನೇ ಒಳ್ಳೇ ಪೀಸ್ ಬರೋವರೆಗೆ. ಕೈಯಲ್ಲಿ ಒಂದು ಹಾಳೆ, ಮೊಬೈಲಲ್ಲಿ ಸ್ಟಾಪ್‌ವಾಚ್. ಆಪರೇಟರ್ ಮೆಷಿನ್ ಬಿಟ್ಟು ಹೋದಾಗೆಲ್ಲ ಎಲ್ಲಿಗೆ ಹೋದ, ಯಾಕೆ ಹೋದ, ಎಷ್ಟು ಹೊತ್ತಿಗೆ ಬಂದ ಬರೀರಿ. ಅದೇ ಹಾಳೇಲಿ ಶಾಪಿನ ಒಂದು ಒರಟು ನಕ್ಷೆ ಹಾಕ್ಕೊಂಡು ಅವ್ನು ನಡೆದ ದಾರೀನ ಪೆನ್ನಲ್ಲಿ ಗೀಚ್ತಾ ಹೋಗಿ. ಕೊನೇಲಿ ಆ ನಕ್ಷೆ ನೋಡಿದ್ರೆ ನಿಮಗೇ ಗಾಬರಿ ಆಗತ್ತೆ, ಗೆರೆ ಮೇಲೆ ಗೆರೆ ಬಿದ್ದು ಕಪ್ಪಾಗಿರತ್ತೆ.

ಆದ್ರೆ ಮೊದ್ಲೇ ಅವನಿಗೆ ಹೇಳ್ಬಿಡಿ, "ನಿನ್ನನ್ನ ಅಳೀತಿಲ್ಲಪ್ಪ, ನಿಂಗೆ ನಾವು ಎಷ್ಟು ತೊಂದ್ರೆ ಕೊಟ್ಟಿದೀವಿ ಅನ್ನೋದನ್ನ ಅಳೀತಿದೀನಿ" ಅಂತ. ಇದನ್ನ ಹೇಳ್ದೇ ವಾಚ್ ಹಿಡ್ಕೊಂಡು ನಿಂತ್ರೆ ಅವ್ನು ಅವತ್ತೊಂದಿನ ಚುರುಕಾಗಿ ಮಾಡಿ ತೋರಿಸ್ತಾನೆ, ಮಾರನೇ ದಿನದಿಂದ ನಿಮ್ಮ ಮೇಲೆ ಅನುಮಾನ ಶುರು.

ಒಂದು ಲೆಕ್ಕ ಹಾಕಿ, ಇದು ನಾನು ಇಟ್ಕೊಂಡಿರೋ ನಂಬರು, ನಿಮ್ಮದು ನೀವು ಹಾಕ್ಕೊಳ್ಳಿ. ಒಂದು ಮೆಷಿನಲ್ಲಿ ದಿನಕ್ಕೆ 35 ನಿಮಿಷ ಹುಡುಕಾಟಕ್ಕೆ ಹೋಗತ್ತೆ ಅನ್ಕೊಳ್ಳಿ, ತಿಂಗಳಿಗೆ 26 ದಿನ ಅಂದ್ರೆ 910 ನಿಮಿಷ, ಸುಮಾರು 15 ಗಂಟೆ. ಮೆಷಿನ್ ರೇಟ್ ಗಂಟೆಗೆ 450 ರೂಪಾಯಿ ಇದ್ರೆ ಹತ್ತಿರ ಹತ್ತಿರ 6,800 ರೂಪಾಯಿ. ಐದು ಮೆಷಿನ್ನಿಗೆ 34 ಸಾವಿರ, ಪ್ರತಿ ತಿಂಗಳು. ಒಬ್ಬ ಆಪರೇಟರ್ ಸಂಬಳಕ್ಕಿಂತ ಜಾಸ್ತಿ ದುಡ್ಡು ಹೀಗೆ ಹೋಗ್ತಿದೆ, ಯಾವ ಲೆಡ್ಜರಲ್ಲೂ ಕಾಣಲ್ಲ.

ಓನೋ ಏಳು ಥರದ ವೇಸ್ಟ್ ಅಂತ ಪಟ್ಟಿ ಮಾಡಿದ್ರು: ಸುಮ್ಮನೆ ಸಾಗಾಟ, ಗುಡ್ಡೆ ಬಿದ್ದ ಸ್ಟಾಕು, ಜನಗಳ ಓಡಾಟ, ಕಾಯೋದು, ಬೇಕಾದ್ದಕ್ಕಿಂತ ಜಾಸ್ತಿ ಮಾಡೋದು, ಕಸ್ಟಮರ್ ಕೇಳ್ದೇ ಇರೋ ಫಿನಿಶಿಂಗ್ ಕೊಡೋದು, ರಿಜೆಕ್ಷನ್ನು. ಇದರಲ್ಲಿ ಜಾಸ್ತಿ ಮಾಡೋದೇ ಎಲ್ಲಕ್ಕಿಂತ ಕೆಟ್ಟದ್ದು ಅಂತಿದ್ರು, ಯಾಕಂದ್ರೆ ಅದು ಮಿಕ್ಕ ಎಲ್ಲಾ ತಪ್ಪನ್ನೂ ಮುಚ್ಚಿಹಾಕತ್ತೆ. ನಮ್ಮ ಶಾಪುಗಳಲ್ಲಿ ಇದು ಹೇಗಿರತ್ತೆ ಅಂದ್ರೆ, 200 ಪೀಸ್ ಆರ್ಡರ್, ಸೆಟ್ಟಿಂಗ್ ಆಗಿದೆಯಲ್ಲ ಅಂತ 230 ಹೊಡೀತೀವಿ, ಮುಂದಿನ ಸಲಕ್ಕೆ ಆಗತ್ತೆ ಬಿಡಿ ಅಂತ. ಮುಂದಿನ ಸಲ ಆರ್ಡರ್ ಬರೋ ಹೊತ್ತಿಗೆ ಡ್ರಾಯಿಂಗ್ ರಿವಿಷನ್ ಬದಲಾಗಿರತ್ತೆ, ಒಂದು ಚ್ಯಾಂಫರ್ (ಅಂಚಿನ ಓರೆ ಕಟ್) ಜಾಸ್ತಿ ಆಗಿರತ್ತೆ, ಆ 30 ಪೀಸು ತುಕ್ಕು ಹಿಡಿದು ಗುಜರಿಗೆ ಹೋಗತ್ತೆ.

ಒಂದೇ ಮೆಷಿನ್ ಆರಿಸ್ಕೊಳ್ಳಿ

ಇಡೀ ಶಾಪಲ್ಲಿ ಒಟ್ಟಿಗೆ ಶುರು ಮಾಡ್ಬೇಡಿ. ಒಂದು ಭಾನುವಾರ ಎಲ್ಲಾ ಸೇರಿ ಎಲ್ಲಾ ಕ್ಲೀನ್ ಮಾಡೋದು ಕೇಳೋಕೆ ಚೆನ್ನಾಗಿದೆ, ಆದ್ರೆ ಹದಿನೈದು ದಿನದಲ್ಲಿ ಮೊದಲಿನ ಹಾಗೇ ಆಗತ್ತೆ. ಯಾವ ಮೆಷಿನಲ್ಲಿ ಸೆಟ್ಟಿಂಗ್ ಚೇಂಜ್ ಜಾಸ್ತಿ ಆಗತ್ತೋ ಅದನ್ನ ಹಿಡೀರಿ, ಯಾಕಂದ್ರೆ ಹುಡುಕಾಟ ಇರೋದೇ ಸೆಟ್ಟಿಂಗಲ್ಲಿ. ಆ ಮೆಷಿನ್ ಆಪರೇಟರ್ ಸ್ವಲ್ಪ ಮಾತು ಕೇಳೋನು, ತಲೆ ಓಡ್ಸೋನು ಆಗಿದ್ರೆ ಇನ್ನೂ ಒಳ್ಳೇದು. ಈಗಿನ ಸ್ಥಿತಿ ನಾಲ್ಕು ಕಡೆಯಿಂದ ಫೋಟೋ ತೆಗೀರಿ, ನಿಂತ ಜಾಗಕ್ಕೆ ನೆಲದಲ್ಲಿ ಗುರುತು ಹಾಕಿ, ಆಮೇಲೆ ಅದೇ ಜಾಗದಿಂದ ತೆಗೀಬೇಕು.

ಮೊದಲ್ನೇ ಎಸ್: ಬೇಡದ್ದು ಹೊರಗೆ

ಇದು ಸೇರಿ. ಮೆಷಿನ್ ಸುತ್ತ ಆರಡಿ ಜಾಗದಲ್ಲಿ ಇರೋ ಪ್ರತಿಯೊಂದನ್ನೂ, ಡ್ರಾಯರ್ ಒಳಗಿರೋದು, ಕಂಟ್ರೋಲ್ ಪ್ಯಾನೆಲ್ ಮೇಲಿರೋದು, ಮೆಷಿನ್ ಹಿಂದೆ ಬಿದ್ದಿರೋದು, ಎಲ್ಲಾ ಒಂದು ಟೇಬಲ್ ಮೇಲೆ ಸುರೀರಿ. ಒಂದೊಂದಕ್ಕೂ ಪ್ರಶ್ನೆ ಒಂದೇ, ಹೋದ 30 ದಿನದಲ್ಲಿ ಈ ಮೆಷಿನ್ನಿಗೆ ಇದು ಬೇಕಾಯ್ತಾ? ಬೇಕಾಯ್ತು ಅಂದ್ರೆ ಒಂದು ಕಡೆ. ಇಲ್ಲ ಅಂದ್ರೆ, ಇಲ್ಲ ಗೊತ್ತಿಲ್ಲ ಅಂದ್ರೆ, ಅದಕ್ಕೊಂದು ಕೆಂಪು ಚೀಟಿ. ಚೀಟೀಲಿ ವಸ್ತು ಹೆಸರು, ಎಷ್ಟಿದೆ, ತಾರೀಕು, ಯಾರು ಚೀಟಿ ಕಟ್ಟಿದ್ದು, ಇಷ್ಟು ಬರೆದ್ರೆ ಸಾಕು. ಕೆಂಪು ಚೀಟಿ ಬಿದ್ದಿದ್ದೆಲ್ಲ ಶಾಪಿನ ಒಂದು ಮೂಲೇಗೆ, ಆ ಮೂಲೆಗೆ ನೆಲದಲ್ಲಿ ಚೌಕ ಬರೆದಿರ್ಲಿ. ಒಂದು ತಿಂಗಳು ಅಲ್ಲಿರ್ಲಿ, ಯಾರಾದ್ರೂ ಕೇಳ್ಕೊಂಡು ಬಂದ್ರೆ ಕೊಡಿ, ಬರ್ಲಿಲ್ಲ ಅಂದ್ರೆ ತೀರ್ಮಾನ ಮಾಡಿ, ಮಾರೋದಾ, ಬೇರೆ ಮೆಷಿನ್ನಿಗೆ ಕೊಡೋದಾ, ಗುಜರಿಗಾ.

ಈ ಹಂತದಲ್ಲಿ ದೊಡ್ಡ ಅಡ್ಡಿ ಆಪರೇಟರ್ ಅಲ್ಲ, ಮಾಲೀಕರು. "ಇರ್ಲಿ ಬಿಡಿ, ಯಾವಾಗಾದ್ರೂ ಬೇಕಾಗತ್ತೆ" ಅನ್ನೋ ಮಾತು ಅವರ ಬಾಯಿಂದ್ಲೇ ಬರೋದು. ಸಾಲ ಮಾಡಿ ಶಾಪ್ ಕಟ್ಟಿದೋರಿಗೆ ಒಂದು ಬೋಲ್ಟ್ ಎಸೆಯೋಕೂ ಮನಸ್ಸು ಬರಲ್ಲ, ಅದು ಅರ್ಥ ಆಗತ್ತೆ. ಅದಕ್ಕೇ ಎಸೆಯೋ ಮಾತು ಆಡ್ಲೇಬೇಡಿ, ಚೀಟಿ ಕಟ್ಟೋದು ಅಷ್ಟೇ ಅನ್ನಿ, ತಿಂಗಳಾದ್ಮೇಲೆ ಆ ಚೀಟಿ ತಾರೀಕನ್ನೇ ತೋರಿಸಿ.

ಮೂರು ವಿಷಯ ಮಾತ್ರ ಹುಷಾರು. ಕಸ್ಟಮರ್ ಕೊಟ್ಟ ಫಿಕ್ಸ್ಚರ್ (ಮೆಷಿನಲ್ಲಿ ಪೀಸ್ ಹಿಡಿದಿಡೋ ಸಾಧನ), ಗೇಜು, ಸ್ಯಾಂಪಲ್ ಪೀಸು ನಿಮ್ಮದಲ್ಲ, ಎಷ್ಟೇ ಹಳೇದಾಗಿರ್ಲಿ ಅವರಿಗೆ ಮೇಲ್ ಹಾಕಿ ಬರವಣಿಗೇಲಿ ಉತ್ತರ ತಗೊಂಡೇ ಮುಟ್ಟಿ. ಕ್ಯಾಲಿಬ್ರೇಷನ್ ಅವಧಿ ಮುಗಿದಿರೋ ವರ್ನಿಯರ್, ಮೈಕ್ರೋಮೀಟರ್ ಸಿಕ್ರೆ ತಿಂಗಳು ಕಾಯ್ಬೇಡಿ, ಅವತ್ತೇ ಫ್ಲೋರಿಂದ ತೆಗೀರಿ, ಡ್ರಾಯರಲ್ಲಿ ಬಿದ್ದಿರೋ ಒಂದು ಸುಳ್ಳು ಹೇಳೋ ಮೈಕ್ರೋಮೀಟರ್ ಒಂದು ಇಡೀ ಲಾಟ್ ರಿಜೆಕ್ಟ್ ಮಾಡ್ಸತ್ತೆ. ಗುಜರಿಗೆ ಹಾಕೋವಾಗ ಎಂಎಸ್ (ಮೈಲ್ಡ್ ಸ್ಟೀಲ್), ಅಲ್ಯೂಮಿನಿಯಂ, ಎಸ್‌ಎಸ್ (ಸ್ಟೇನ್‌ಲೆಸ್ ಸ್ಟೀಲ್), ಹಿತ್ತಾಳೆ ಬೇರೆ ಬೇರೆ ಮಾಡಿ, ಮಿಕ್ಸ್ ಮಾಡಿ ಕೊಟ್ರೆ ಎಲ್ಲದಕ್ಕೂ ಕಬ್ಬಿಣದ ರೇಟೇ ಕಟ್ಟೋದು. ಬಂದ ದುಡ್ಡಲ್ಲಿ ಮುಂದಿನ ಹಂತದ ಬೋರ್ಡು, ಬಿನ್ನು ತಗೊಳ್ಳಿ, ಹುಡುಗರಿಗೆ ಒಂದಿನ ಒಳ್ಳೇ ತಿಂಡಿ ಕೊಡ್ಸಿ.

ಎರಡ್ನೇ ಎಸ್: ಪ್ರತಿಯೊಂದಕ್ಕೂ ಒಂದು ಜಾಗ

ಇದು ಸೇಟೋನ್. ಎಲ್ಲಾ ಲಾಭ ಇರೋದು ಇಲ್ಲೇ, ಹಾಗಾಗಿ ಇಲ್ಲಿ ಟೈಮ್ ಜಾಸ್ತಿ ಕೊಡಿ. ಅಡುಗೆ ಮನೇಲಿ ಒಗ್ಗರಣೆ ಡಬ್ಬಿ ಒಲೆ ಪಕ್ಕ ಇರತ್ತೆ, ಕಡುಬಿನ ಪಾತ್ರೆ ಅಟ್ಟದ ಮೇಲಿರತ್ತೆ, ಯಾರೂ ಇದಕ್ಕೆ ಟ್ರೈನಿಂಗ್ ತಗೊಂಡಿಲ್ಲ. ಇಲ್ಲೂ ಅದೇ ಲೆಕ್ಕ. ಪ್ರತಿ ಪೀಸಿಗೂ ಬೇಕಾದ್ದು, ಅಂದ್ರೆ ಗೇಜು, ಅಂಚಿನ ಚೂಪು ತೆಗೆಯೋ ಡೀಬರಿಂಗ್ ಟೂಲು, ಬಟ್ಟೆ, ಇವು ಹೆಜ್ಜೆ ಎತ್ತದೇ ಕೈಗೆ ಸಿಗ್ಬೇಕು. ಪ್ರತಿ ಸೆಟ್ಟಿಂಗಿಗೂ ಬೇಕಾದ್ದು, ಅಲೆನ್ ಕೀ, ಸ್ಪ್ಯಾನರು, ಡಯಲು, ಸಾಫ್ಟ್ ಹ್ಯಾಮರ್, ಎರಡು ಹೆಜ್ಜೆ ಒಳಗೆ. ವಾರಕ್ಕೊಮ್ಮೆ ಬೇಕಾದ್ದು ಶಾಪಿನ ಕಾಮನ್ ರ‍್ಯಾಕಿಗೆ. ವರ್ಷಕ್ಕೊಮ್ಮೆ ಬೇಕಾದ್ದು ಸ್ಟೋರಿಗೆ. ಚಕ್ ಜಾ, ವೈಸ್, ಫಿಕ್ಸ್ಚರ್ ಥರ ಭಾರದ ಐಟಂ ಸೊಂಟದ ಎತ್ತರಕ್ಕೇ ಇರ್ಲಿ, ನೆಲದಿಂದ ಎತ್ತಿ ಎತ್ತಿ ಹುಡುಗರ ಸೊಂಟ ಹೋಗತ್ತೆ.

ಹ್ಯಾಂಡ್ ಟೂಲಿಗೆ ಡ್ರಾಯರ್ ಬೇಡ್ವೇ ಬೇಡ. ಡ್ರಾಯರ್ ಅಂದ್ರೆ ಕಣ್ಣಿಗೆ ಕಾಣದ ಜಾಗ, ಅಲ್ಲಿ ಏನಿಲ್ಲ ಅನ್ನೋದು ತೆಗೆದು ನೋಡೋವರೆಗೂ ಗೊತ್ತಾಗಲ್ಲ. ಪ್ಲೈವುಡ್ ಬೋರ್ಡ್ ಮೇಲೆ ಪ್ರತಿ ಟೂಲಿನ ಆಕಾರ ಬರೆದು ಬಣ್ಣ ತುಂಬಿ ಮೊಳೆ ಹೊಡೀರಿ, ಟೂಲ್ ಇಲ್ದಿದ್ರೆ ಅದರ ನೆರಳು ಕಾಣತ್ತೆ, ದೂರದಿಂದ್ಲೇ ಗೊತ್ತಾಗತ್ತೆ. ಅಳತೆ ಸಾಮಾನಿಗೆ ಎರಡು ಬಣ್ಣದ ಫೋಮ್, ಮೇಲೆ ಕಪ್ಪು ಕೆಳಗೆ ಹಳದಿ, ಆಕಾರಕ್ಕೆ ಕಟ್ ಮಾಡಿದ್ರೆ ಖಾಲಿ ಜಾಗ ಹಳದಿ ಹೊಡೆಯತ್ತೆ. ಯಾರಾದ್ರೂ ಎರವಲು ತಗೊಂಡ್ರೆ ಆ ಜಾಗದಲ್ಲಿ ತನ್ನ ಹೆಸರಿನ ಬಿಲ್ಲೆ ನೇತುಹಾಕಿ ಹೋಗ್ಬೇಕು, ಇದು ಹಳೇ ದೊಡ್ಡ ಫ್ಯಾಕ್ಟರಿಗಳ ಟೂಲ್ ಸ್ಟೋರಲ್ಲಿ ಇದ್ದ ಪದ್ಧತೀನೇ, ಹೊಸದೇನಲ್ಲ. ಯಾರಿಗೇ ಆಗ್ಲಿ, ಆ ಮೆಷಿನ್ ಗೊತ್ತಿಲ್ದೇ ಇರೋನಿಗೂ, ಕೇಳಿದ ಐಟಂ 30 ಸೆಕೆಂಡ್ ಒಳಗೆ ಸಿಗ್ಬೇಕು, ಈ ಟೆಸ್ಟ್ ಮಾಡಿ ನೋಡಿ.

ಲೇಬಲ್ ಕನ್ನಡದಲ್ಲಿ ಹಾಕಿ, ಜೊತೆಗೆ ಹಿಂದೀಲೂ ಹಾಕಿ. ಬೆಂಗಳೂರಿನ ಶಾಪುಗಳಲ್ಲಿ ಈಗ ಬಿಹಾರ, ಒಡಿಶಾ, ಯುಪಿ ಕಡೆ ಹುಡುಗರು ಎಷ್ಟಿದಾರೆ ಅಂತ ನಿಮಗೇ ಗೊತ್ತು, ಓದೋಕೆ ಬರ್ದಿರೋ ಲೇಬಲ್ ಗೋಡೆ ಅಲಂಕಾರ ಅಷ್ಟೇ. ಫೋಟೋ ಅಂಟಿಸಿದ್ರೆ ಇನ್ನೂ ಚೆಂದ.

ಈಗ ಇನ್ಸರ್ಟ್, ಅಂದ್ರೆ ಟೂಲ್ ತುದೀಲಿ ಕೂರಿಸೋ ಕಾರ್ಬೈಡ್ ಕಟಿಂಗ್ ತುಂಡಿನ ವಿಷಯಕ್ಕೆ ಬರೋಣ, ನಾನು ಯಾವ ಶಾಪಿಗೆ ಹೋದ್ರೂ ಮೊದ್ಲು ನೋಡೋದು ಇದನ್ನೇ. ಸಿಎನ್‌ಎಂಜಿ 120408 ಇನ್ಸರ್ಟ್ ತಗೊಳ್ಳಿ, ಮೇಲೆರಡು ಕೆಳಗೆರಡು, ಒಟ್ಟು ನಾಲ್ಕು ಮೂಲೆ ಬಳಸ್ಬಹುದು. ಡಬ್ಲ್ಯೂಎನ್‌ಎಂಜಿ ಆದ್ರೆ ಆರು. ಆಪರೇಟರ್ ಎರಡು ಮೂಲೆ ಬಳಸಿ, ಜಾಬ್ ಮುಗೀತು ಅಂತ ಬಿಚ್ಚಿ ಪ್ಯಾನೆಲ್ ಮೇಲೆ ಇಡ್ತಾನೆ, ಅಲ್ಲಿ ಇನ್ನೂ ಹತ್ತು ಇನ್ಸರ್ಟ್ ಚಿಪ್ಸ್ (ಕಟ್ ಆದ ಲೋಹದ ಚೂರು) ಧೂಳಲ್ಲಿ ಬಿದ್ದಿರತ್ತೆ, ಯಾವ್ದು ಹೊಸದು, ಯಾವ್ದು ಅರ್ಧ, ಯಾವ್ದು ಮುಗಿದಿದ್ದು, ಯಾವ್ದು ಸ್ಟೀಲ್ ಗ್ರೇಡು ಯಾವ್ದು ಕಾಸ್ಟ್ ಐರನ್ ಗ್ರೇಡು ಏನೂ ಗೊತ್ತಾಗಲ್ಲ. ಮುಂದಿನ ಶಿಫ್ಟಿನವನು ರಿಸ್ಕ್ ಯಾಕೆ ಅಂತ ಹೊಸ ಬಾಕ್ಸ್ ಒಡೀತಾನೆ. ಅಲ್ಲಿಗೆ ನೀವು ದುಡ್ಡು ಕೊಟ್ಟ ನಾಲ್ಕರಲ್ಲಿ ಎರಡು ಮೂಲೆ ಕಸಕ್ಕೆ. ಇದಕ್ಕೆ ಪರಿಹಾರ ತೀರಾ ಚಿಕ್ಕದು: ಬಳಸಿದ ಮೂಲೆಗೆ ಪರ್ಮನೆಂಟ್ ಮಾರ್ಕರಲ್ಲಿ ಚುಕ್ಕೆ, ಮೆಷಿನ್ ಪಕ್ಕ ಮೂರು ಡಬ್ಬಿ, ಹೊಸದು ಹಸಿರು, ಅರ್ಧ ಬಳಸಿದ್ದು ಹಳದಿ, ಮುಗಿದಿದ್ದು ಕೆಂಪು. ಅರ್ಧ ಬಳಸಿದ್ದನ್ನ ಅದರ ಒರಿಜಿನಲ್ ಬಾಕ್ಸಲ್ಲೇ ಹಾಕಿ ಹಳದಿ ಡಬ್ಬೀಲಿ ಇಟ್ರೆ ಗ್ರೇಡ್ ಗೊಂದಲ ಇಲ್ಲ. ಹಳದಿ ಖಾಲಿ ಆಗ್ದೇ ಹಸಿರು ಮುಟ್ಟಂಗಿಲ್ಲ. ಕೆಂಪು ಡಬ್ಬಿ ತುಂಬಿದ್ಮೇಲೆ ಕಾರ್ಬೈಡ್ ಸ್ಕ್ರ್ಯಾಪ್ ಅಂತ ಬೇರೆ ಮಾರಿ, ಕೆಜಿಗೆ ಸ್ಟೀಲ್ ಸ್ಕ್ರ್ಯಾಪಿಗಿಂತ ಎಷ್ಟೋ ಪಟ್ಟು ಜಾಸ್ತಿ ಸಿಗತ್ತೆ, ಅದನ್ನ ಬೋರಿಂಗ್ (ಮೆಷಿನ್ ಚಿಪ್ಸ್ ಗುಜರಿ) ಜೊತೆ ಹಾಕಿ ಕಳಿಸೋರನ್ನ ನೋಡಿದ್ರೆ ಹೊಟ್ಟೆ ಉರಿಯತ್ತೆ.

ಇನ್ನೊಂದು, ಸೆಟ್ಟಿಂಗ್ ಟ್ರಾಲಿ. ಪದೇಪದೇ ಬರೋ ಜಾಬುಗಳಿಗೆ ಒಂದೊಂದು ಟ್ರೇ ಮಾಡಿ, ಅದರಲ್ಲಿ ಫಿಕ್ಸ್ಚರ್, ಅದರ ಬೋಲ್ಟು, ಬೇಕಾದ ಟೂಲ್ ಹೋಲ್ಡರ್, ಗೋ ನೋ-ಗೋ ಗೇಜು (ಅಳತೆ ಸರಿಯಾ ತಪ್ಪಾ ಅಂತ ಹೇಳೋದು), ಡ್ರಾಯಿಂಗ್ ಈಗಿನ ರಿವಿಷನ್ನು, ಪ್ರೋಗ್ರಾಂ ನಂಬರ್ ಬರೆದ ಕಾರ್ಡು. ಹಿಂದಿನ ಜಾಬ್ ಇನ್ನೂ ಓಡ್ತಿರೋವಾಗ್ಲೇ ಹೆಲ್ಪರ್ ಮುಂದಿನ ಟ್ರೇ ತಂದು ಟ್ರಾಲೀಲಿ ಇಟ್ಟಿರ್ಬೇಕು. ಶಿಗಿಯೋ ಶಿಂಗೋ ಅನ್ನೋರು 1969ರಲ್ಲಿ ಟೊಯೋಟಾದಲ್ಲಿ 1,000 ಟನ್ ಪ್ರೆಸ್ಸಿನ ಡೈ ಚೇಂಜ್ ಟೈಮನ್ನ ನಾಲ್ಕು ಗಂಟೆಯಿಂದ 90 ನಿಮಿಷಕ್ಕೆ, ಆಮೇಲೆ 3 ನಿಮಿಷಕ್ಕೆ ಇಳಿಸಿದ್ರಲ್ಲ, ಅದರ ಮೂಲ ಐಡಿಯಾ ಇದೇ, ಮೆಷಿನ್ ನಿಂತಾಗ ಮಾಡ್ಲೇಬೇಕಾದ ಕೆಲ್ಸ ಯಾವ್ದು, ಮೆಷಿನ್ ಓಡ್ತಿರೋವಾಗ್ಲೇ ಮುಗಿಸ್ಕೋಬಹುದಾದ್ದು ಯಾವ್ದು ಅಂತ ಬೇರೆ ಮಾಡೋದು. ನಿಮಗೆ 3 ನಿಮಿಷ ಬೇಡ, ಎರಡು ಗಂಟೆ ಸೆಟ್ಟಿಂಗ್ ಒಂದು ಗಂಟೆಗೆ ಬಂದ್ರೆ ಸಾಕಲ್ವಾ.

ನೆಲದ ಗೆರೆ ಬಗ್ಗೆ: ಮೊದ್ಲೇ ಪೇಂಟ್ ಮಾಡ್ಬೇಡಿ. ಒಂದು ವಾರ ಚಾಕ್‌ಪೀಸಲ್ಲಿ ಬರೆದು ಟ್ರಾಲಿ ಓಡಾಡತ್ತಾ ನೋಡಿ, ಜಾಗ ಬದಲಾಯ್ಸಿ, ಆಮೇಲೆ ಟೇಪು, ಕೊನೇಗೆ ಪೇಂಟು. ಕೂಲೆಂಟ್ (ಕಟಿಂಗ್ ಆಗೋವಾಗ ತಂಪು ಮಾಡೋ ದ್ರವ) ಬೀಳೋ ಕಡೆ ಟೇಪ್ ನಿಲ್ಲಲ್ಲ, ಅಲ್ಲಿ ನೆಲದ ಎಣ್ಣೆ ಪೂರ್ತಿ ತೆಗೆದು ಎಪಾಕ್ಸಿ ಪೇಂಟೇ ಆಗ್ಬೇಕು. ಬಣ್ಣಕ್ಕೆ ಒಂದೇ ಕಡ್ಡಾಯ ನಿಯಮ ಅಂತೇನಿಲ್ಲ, ಸಾಮಾನ್ಯವಾಗಿ ದಾರಿಗೆ ಹಳದಿ, ರಿಜೆಕ್ಷನ್ನಿಗೆ ಕೆಂಪು, ಓಕೆ ಆದ ಮಾಲಿಗೆ ಹಸಿರು ಇಡ್ತಾರೆ. ರಿಜೆಕ್ಷನ್ ಬಿನ್ನಿಗೆ ಬೀಗ ಇರ್ಲಿ, ಡಿಸ್ಪ್ಯಾಚ್ ಅರ್ಜೆಂಟಲ್ಲಿ 2 ಪೀಸ್ ಕಮ್ಮಿ ಬಿದ್ರೆ ಕೈ ಅಲ್ಲಿಗೇ ಹೋಗೋದು.

ಮೂರ್ನೇ ಎಸ್: ಒರೆಸ್ತಾ ನೋಡೋದು

ಸೇಸೋ ಅಂದ್ರೆ ಕ್ಲೀನಿಂಗ್, ಸರಿ, ಆದ್ರೆ ಇದನ್ನ ಹೌಸ್‌ಕೀಪಿಂಗ್ ಅಕ್ಕನ ಕೆಲ್ಸ ಅನ್ಕೋಬೇಡಿ. ಮೆಷಿನ್ ಒರೆಸೋನು ಆಪರೇಟರೇ ಆಗ್ಬೇಕು, ಯಾಕಂದ್ರೆ ಬಟ್ಟೆ ಹಿಡಿದು ಕೈ ಆಡ್ಸಿದಾಗ್ಲೇ ಸಡಿಲ ಆಗಿರೋ ಬೋಲ್ಟು, ಸೋರ್ತಿರೋ ಹೈಡ್ರಾಲಿಕ್ ಪೈಪು, ಹರಿದಿರೋ ವೈಪರು (ಸ್ಲೈಡ್ ಒಳಗೆ ಚಿಪ್ಸ್ ಹೋಗದ ಹಾಗೆ ತಡೆಯೋ ಪಟ್ಟಿ), ಖಾಲಿ ಆಗಿರೋ ಲೂಬ್ರಿಕೇಷನ್ ಟ್ಯಾಂಕು ಕಣ್ಣಿಗೆ ಬೀಳೋದು. ಬೆಳಗ್ಗೆ ಮೆಷಿನ್ ಕೆಳಗೆ ಒಂದು ತೊಟ್ಟು ಎಣ್ಣೆ ಕಂಡ್ರೆ ಒರೆಸಿ ಸುಮ್ಮನಾಗ್ಬಾರ್ದು, ಎಲ್ಲಿಂದ ಬಂತು ಅಂತ ಹುಡುಕ್ಬೇಕು. ಮರದ ಹೊಟ್ಟು ಹಾಕಿ ಮುಚ್ಚೋದು ನಮ್ಮಲ್ಲಿ ದೊಡ್ಡ ರೋಗ.

ಏರ್ ಗನ್ ಹಿಡಿದು ಮೆಷಿನ್ ಸ್ಲೈಡ್ ಮೇಲೆ ಊದೋದನ್ನ ಮೊದ್ಲು ನಿಲ್ಸಿ. ಸಣ್ಣ ಚಿಪ್ಸ್ ಹೊರಗೆ ಹೋಗೋ ಬದ್ಲು ವೈಪರ್ ಸಂದೀಲಿ ಗೈಡ್‌ವೇ ಒಳಗೆ ಹೋಗತ್ತೆ, ಇಲ್ಲ ಅಂದ್ರೆ ಪಕ್ಕದವನ ಕಣ್ಣಿಗೆ. ಬ್ರಷ್ಷು, ಚಿಪ್ ಹುಕ್ಕು, ಬನಿಯನ್ ವೇಸ್ಟ್ ಸಾಕು. ಸೋಮವಾರ ಬೆಳಗ್ಗೆ ಕೂಲೆಂಟ್ ಕೊಳೆತ ವಾಸ್ನೆ ಹೊಡೀತಿದ್ರೆ ಭಾನುವಾರ ಪೂರ್ತಿ ಮೇಲೆ ತೇಲೋ ಎಣ್ಣೆ ಗಾಳಿ ತಡೆದಿದೆ ಅಂತ ಅರ್ಥ, ಶನಿವಾರ ಸಂಜೆ ಆ ಎಣ್ಣೆ ತೆಗೆದು ಹೋಗಿ, ವಾರಕ್ಕೊಮ್ಮೆ ರಿಫ್ರ್ಯಾಕ್ಟೋಮೀಟರಲ್ಲಿ ಸಾಂದ್ರತೆ ನೋಡಿ, ಸಪ್ಲೈಯರ್ ಹೇಳಿದ ಪರ್ಸೆಂಟಿಗೆ ಇಟ್ಕೊಳ್ಳಿ. ದಿನಾ ಶಿಫ್ಟ್ ಮುಗಿಯೋಕ್ ಮುಂಚೆ ಹತ್ತು ನಿಮಿಷ ಇದಕ್ಕೆ, ಆ ಹತ್ತು ನಿಮಿಷ ಡ್ಯೂಟಿ ಟೈಮಲ್ಲೇ ಕೊಡಿ. ಕಾರ್ಡ್ ಪಂಚ್ ಆದ್ಮೇಲೆ ಒರೆಸಿ ಹೋಗು ಅಂದ್ರೆ ಯಾರೂ ಮಾಡಲ್ಲ, ಮಾಡ್ಬೇಕಾಗೂ ಇಲ್ಲ.

ನಾಲ್ಕನೇದು, ಐದನೇದು

ನಾಲ್ಕನೇದು ಸೇಕೆತ್ಸು, ಸಿಂಪಲ್ಲು. ಸರಿ ಇದ್ದಾಗ ಹೇಗಿರ್ಬೇಕು ಅನ್ನೋ ಒಂದು ಫೋಟೋ ಪ್ರಿಂಟ್ ಮಾಡಿ ಲ್ಯಾಮಿನೇಟ್ ಮಾಡ್ಸಿ ಮೆಷಿನ್ನಿಗೆ ಅಂಟಿಸಿ, ಕೆಳಗೆ ಐದಾರು ಸಾಲಿನ ಚೆಕ್‌ಲಿಸ್ಟ್, ಯಾರು ಯಾವಾಗ ಅಂತ. ಮೂವತ್ತು ಪಾಯಿಂಟಿನ ಚೆಕ್‌ಲಿಸ್ಟ್ ಮಾಡಿದ್ರೆ ಒಂದನೇ ತಾರೀಕೇ ಕೂತು ಇಡೀ ತಿಂಗಳಿಗೆ ಟಿಕ್ ಹಾಕಿರ್ತಾರೆ, ನೋಡಿದೀನಿ.

ಐದನೇದು ಶಿತ್ಸುಕೆ, ಶಿಸ್ತು, ಇಲ್ಲೇ ಎಲ್ಲಾ ಬಿದ್ದು ಹೋಗೋದು. ಆಯುಧಪೂಜೆ ದಿನ ನಮ್ಮ ಶಾಪುಗಳನ್ನ ನೋಡ್ಬೇಕು, ಮೆಷಿನ್ ತೊಳೆದು, ಅರಿಶಿನ ಕುಂಕುಮ ಹಚ್ಚಿ, ಬಾಳೆಕಂಬ ಕಟ್ಟಿ, ಬೂದುಗುಂಬಳ ಒಡೆದು, ಒಂದೊಂದು ಸ್ಪ್ಯಾನರೂ ಸಾಲಾಗಿ ಜೋಡ್ಸಿರ್ತೀವಿ. ದೀಪಾವಳಿ ಹೊತ್ತಿಗೆ ಎಲ್ಲಾ ಮೊದಲಿನ ಹಾಗೇ. ಮಾಡೋಕೆ ಬರಲ್ಲ ಅಂತಲ್ಲ, ದಿನಾ ಕೇಳೋರಿಲ್ಲ ಅಷ್ಟೇ. ಹಾಗಾಗಿ ಮಾಲೀಕರು ದಿನಾ ಬೆಳಗ್ಗೆ ಹತ್ತು ನಿಮಿಷ ಫ್ಲೋರಲ್ಲಿ ಒಂದು ರೌಂಡ್ ಹಾಕ್ಲೇಬೇಕು, ಕಾಫಿ ಕುಡೀತಾನೇ ಹಾಕಿ, ನೆರಳು ಬೋರ್ಡಲ್ಲಿ ಖಾಲಿ ಜಾಗ ಕಂಡ್ರೆ "ಇದೆಲ್ಲಿ ಹೋಯ್ತು" ಅಂತ ಕೇಳಿ. ಬೈಬೇಡಿ, ಫೈನ್ ಹಾಕ್ಬೇಡಿ, ಫೈನ್ ಹಾಕಿದ ದಿನದಿಂದ ಮುರಿದ ಟೂಲನ್ನ ಬಚ್ಚಿಡೋಕೆ ಶುರು ಮಾಡ್ತಾರೆ. ಟೂಲ್ ಜಾಗಕ್ಕೆ ವಾಪಸ್ ಬರ್ತಿಲ್ಲ ಅಂದ್ರೆ ಮುಕ್ಕಾಲು ಪಾಲು ಜಾಗಾನೇ ತಪ್ಪಾಗಿದೆ, ದೂರ ಇದೆ ಇಲ್ಲ ಎತ್ತರ ಇದೆ, ಆಪರೇಟರನ್ನೇ ಕೇಳಿ ಜಾಗ ಬದಲಾಯ್ಸಿ. ವಾರಕ್ಕೊಮ್ಮೆ ಒಬ್ಬ ಆಪರೇಟರ್ ಇನ್ನೊಬ್ಬನ ಮೆಷಿನ್ ಚೆಕ್ ಮಾಡ್ಲಿ. ನೀವೇ ಮಾಲೀಕರಾಗಿದ್ದು ವರ್ನಿಯರ್ ತಗೊಂಡು ಕ್ಯಾಬಿನ್ ಟೇಬಲ್ ಮೇಲೆ ಬಿಟ್ಟು ಹೋದ್ರೆ ಮಾತ್ರ ಈ ಪ್ಯಾರಾ ಪೂರ್ತಿ ವೇಸ್ಟು.

ಏನನ್ನ ಅಳೀಬೇಕು

5ಎಸ್ ಸ್ಕೋರ್ 82 ಬಂತು 91 ಬಂತು ಅನ್ನೋದಕ್ಕೆ ಬೆಲೆ ಕೊಡ್ಬೇಡಿ, ಅದು ಆಡಿಟರ್ ಮೂಡ್ ಮೇಲಿರತ್ತೆ. ಮೊದ್ಲು ನಿಂತು ನೋಡಿ ಮಾಡಿದ ಪರೀಕ್ಷೇನೇ ಒಂದು ತಿಂಗಳಾದ್ಮೇಲೆ ಮತ್ತೆ ಮಾಡಿ, ಅದೇ ಮೆಷಿನ್, ಆದಷ್ಟೂ ಅದೇ ಜಾಬು, ಸೆಟ್ಟಿಂಗ್ ಟೈಮ್ ಎಷ್ಟಾಯ್ತು, ಎಷ್ಟು ಸಲ ಮೆಷಿನ್ ಬಿಟ್ಟು ಹೋದ. ಇದರ ಜೊತೆಗೆ ತಿಂಗಳ ಇನ್ಸರ್ಟ್ ಬಿಲ್ಲು. ಈ ಮೂರು ಇಳಿದ್ರೆ ಕೆಲ್ಸ ಮಾಡ್ತಿದೆ, ಎರಡನೇ ಮೆಷಿನ್ನಿಗೆ ಹೋಗಿ, ಮೊದಲ್ನೇ ಮೆಷಿನ್ ಆಪರೇಟರ್ ಕೈಲೇ ಹೇಳ್ಸಿ, ನಿಮಗಿಂತ ಅವನ ಮಾತು ಬೇಗ ನಾಟತ್ತೆ. ಇಳೀಲಿಲ್ಲ ಅಂದ್ರೆ ಮತ್ತೆ ನಿಂತು ನೋಡಿ, ಬಹುಶಃ ತೊಂದ್ರೆ ಹುಡುಕಾಟದ್ದಲ್ಲ, ಪ್ರೋಗ್ರಾಮಿಂದೋ, ಮಟೀರಿಯಲ್ ಲೇಟಾಗಿ ಬರೋದೋ, ಇನ್ಸ್‌ಪೆಕ್ಷನಲ್ಲಿ ಕಾಯೋದೋ ಇರತ್ತೆ, ಅದಕ್ಕೆಲ್ಲ 5ಎಸ್ ಮದ್ದಲ್ಲ.

ಹೊರಗಿನ ಸಹಾಯ ಬೇಕು ಅನ್ನೋರಿಗೆ, ಕೇಂದ್ರ ಎಂಎಸ್‌ಎಂಇ ಸಚಿವಾಲಯ 2023ರ ಮಾರ್ಚಲ್ಲಿ ಲೀನ್ ಸ್ಕೀಮನ್ನ ಹೊಸದಾಗಿ ಶುರು ಮಾಡಿದೆ, ಬೇಸಿಕ್, ಇಂಟರ್‌ಮೀಡಿಯಟ್, ಅಡ್ವಾನ್ಸ್ಡ್ ಅಂತ ಮೂರು ಹಂತ, ಉದ್ಯಮ್ ರಿಜಿಸ್ಟ್ರೇಷನ್ ಇರ್ಬೇಕು. ಬೇಸಿಕ್ಕಿಗೆ ದುಡ್ಡಿಲ್ಲ, ಮೇಲಿನ ಹಂತಗಳಲ್ಲಿ ಕನ್ಸಲ್ಟೆಂಟ್ ಖರ್ಚಿನ 90 ಪರ್ಸೆಂಟ್ ಸರ್ಕಾರ ಕೊಡತ್ತೆ ಅಂತ ಸ್ಕೀಮ್ ಶುರುವಾದಾಗ ಹೇಳಿದ್ದು, ಅಪ್ಲೈ ಮಾಡೋಕ್ ಮುಂಚೆ ಈಗಿನ ನಿಯಮ ಪೋರ್ಟಲಲ್ಲಿ ನೋಡ್ಕೊಳ್ಳಿ. ಆದ್ರೆ ಕನ್ಸಲ್ಟೆಂಟ್ ಬರೋಕ್ ಮುಂಚೆ ಒಂದು ಮೆಷಿನ್ ನೀವೇ ಮಾಡಿಟ್ಟಿರಿ, ಆಗ ಅವರು ಹೇಳೋದ್ರಲ್ಲಿ ಯಾವ್ದು ನಿಮ್ಮ ಶಾಪಿಗೆ ಆಗತ್ತೆ ಯಾವ್ದು ಆಗಲ್ಲ ಅಂತ ಎದುರು ಕೂತು ಮಾತಾಡೋಕೆ ಬರತ್ತೆ.